ಸುಣ್ಣದ ಕೆಳಗಿನವರು

ಜಸೀರಾ ಸೆಮೇದುಗೆ ಊರು ಅನ್ನುವುದಿರಲಿಲ್ಲ.

ಮನೆಯಿತ್ತು, ಲಿಸ್ಬನ್ನಿನ ಹೊರವಲಯದ ಅಮದೋರಾದಲ್ಲಿ, ಲಿಫ್ಟು ಕೆಟ್ಟುಹೋದ ಕಟ್ಟಡದ ಮೇಲಿನ ಮಹಡಿಯಲ್ಲಿ. ಆದರೆ ಬೇಸಿಗೆ ರಜೆಯ ಆಗಸ್ಟ್ ಬಂತೆಂದರೆ ಶಾಲೆಯ ಮಕ್ಕಳೆಲ್ಲ 'ಊರಿಗೆ ಹೋಗ್ತೀವಿ' ಎಂದು ಹೊರಟುಬಿಡುತ್ತಿದ್ದರು. ತಿರುಗಿ ಬರುವಾಗ ಅಂಜೂರ, ಅಜ್ಜಿ ಮಾಡಿದ ಚೀಸು, ಅಜ್ಜಿಯ ಬೈಗುಳ ಎಲ್ಲವನ್ನೂ ಹೊತ್ತು ತರುತ್ತಿದ್ದರು. ಜಸೀರಾ ಮೆಟ್ಟಿಲ ಮೇಲೆ ಕೂತು ಆಗಸ್ಟ್ ಕಳೆಯುತ್ತಿದ್ದಳು. ಅಪ್ಪ ಅಮ್ಮ ಆಫ್ರಿಕಾದ ಬಳಿಯ ಕೇಪ್ ವರ್ಡ್ ದ್ವೀಪದಿಂದ ಬಂದವರು. ಅಲ್ಲಿಗೆ ಒಮ್ಮೆ ಹೋದಾಗ ಸೋದರತ್ತೆಯ ಮಕ್ಕಳು ಅವಳನ್ನು 'ಲಿಸ್ಬನ್ನವಳು' ಎಂದು ಕರೆದು ನಕ್ಕರು. ಲಿಸ್ಬನ್ನಿನಲ್ಲಿ ಬ್ಯಾಂಕಿನವನಿಂದ ಹಿಡಿದು ಟ್ಯಾಕ್ಸಿಯವನವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ.

"ಎಲ್ಲಿಯವಳಮ್ಮಾ ನೀನು?"

"ಅಮದೋರಾ."

"ಅದಲ್ಲ. ಎಲ್ಲಿಂದ ಬಂದೆ?"

"ಅಮದೋರಾದಿಂದ. ರೈಲಲ್ಲಿ."

ಸಾಕ್ಷ್ಯಚಿತ್ರ ಮಾಡುವುದು ಅವಳ ಕಸುಬು. ಬೇರೆಯವರಿಗಾಗಿ ಬಹಳ ಮಾಡಿದ್ದಳು, ಮೀನುಗಾರರ ಮೇಲೆ, ಟ್ರಾಮಿನ ಮೇಲೆ, ಒಮ್ಮೆ ಬಾತುಕೋಳಿಗಳ ಮೇಲೆ. ಇದು ಅವಳದ್ದೇ. ಐನೂರು ವರ್ಷಗಳ ಹಿಂದೆ ಹಡಗಿನಲ್ಲಿ ತುಂಬಿ ತಂದ ಆಫ್ರಿಕಾದ ಜನ ಲಿಸ್ಬನ್ನಿನಲ್ಲಿ ಹತ್ತರಲ್ಲಿ ಒಬ್ಬರಷ್ಟು ಇದ್ದರೆಂದು ಓದಿದವರು ಹೇಳುತ್ತಾರೆ. ನೀರು ಹೊತ್ತವರು, ಬಟ್ಟೆ ಒಗೆದವರು, ಮನೆಗಳಿಗೆ ಸುಣ್ಣ ಹೊಡೆದವರು ಅವರು. ಆಮೇಲೆ ಅವರೆಲ್ಲಿ ಹೋದರು? ಎಲ್ಲಿಗೂ ಹೋಗಲಿಲ್ಲ. ಮದುವೆಯಾದರು, ಮಕ್ಕಳಾದವು, ಮಕ್ಕಳ ಮಕ್ಕಳ ಬಣ್ಣ ತಿಳಿಯಾಯಿತು. ಶಾಲೆಯ ಪುಸ್ತಕದಲ್ಲಿ ಹಡಗಿನ ಕಪ್ತಾನರು ಉಳಿದರು, ಹಡಗಿನ ಹೊಟ್ಟೆಯಲ್ಲಿದ್ದವರು ಉಳಿಯಲಿಲ್ಲ. ಜಸೀರಾಳ ಚಿತ್ರ ಹೇಳಬೇಕಾದದ್ದು ಇಷ್ಟು: ಕಪ್ಪುಜನ ನಿನ್ನೆ ಮೊನ್ನೆ ಬಂದವರಲ್ಲ, ಈ ನೆಲದಲ್ಲಿ ಅವರಿಗೂ ಊರಿತ್ತು.

ಟಿವಿಯ ಅಧಿಕಾರಿ ಅವಳ ತುಣುಕುಗಳನ್ನು ನೋಡಿ ಕನ್ನಡಕ ತೆಗೆದಿಟ್ಟ.

"ಹೇಳೋದಕ್ಕೆ ನಿಮ್ಮ ಹತ್ರ ಬೇಕಾದಷ್ಟಿದೆ. ತೋರಿಸೋದಕ್ಕೆ ಏನಿದೆ? ಪ್ರೊಫೆಸರುಗಳು ಕುರ್ಚಿ ಮೇಲೆ ಕೂತು ಮಾತಾಡ್ತಾರೆ. ಅದನ್ನ ಜನ ಯಾಕೆ ನೋಡಬೇಕು? ಒಂದು ಮುಖ ತೋರಿಸಿ. ಆ ಕಾಲದ್ದು."

"ಆ ಕಾಲದಲ್ಲಿ ಅವರ ಮುಖ ಯಾರು ಬರೆದರು?"

"ಹಾಗಾದ್ರೆ ಆ ಗಂಟೆ ದ್ರಾಕ್ಷಾರಸದ ಚಿತ್ರದವರಿಗೆ ಕೊಡ್ತೀನಿ. ಅವರ ಹತ್ರ ತೋಟ ಇದೆ, ಬುಟ್ಟಿ ಇದೆ, ಹುಡುಗೀರಿದಾರೆ."

ಅವನು ಹೇಳಿದ್ದು ಸುಳ್ಳಲ್ಲ ಎಂಬುದೇ ಅವಳ ತೊಂದರೆಯಾಗಿತ್ತು. ಮ್ಯೂಸಿಯಂಗಳ ಹಳೆಯ ಚಿತ್ರಗಳಲ್ಲಿ ಕಪ್ಪುಜನ ಇದ್ದರು, ಅಂಚಿನಲ್ಲಿ. ಕೈಯಲ್ಲಿ ತಟ್ಟೆ, ಇಲ್ಲವೇ ಕೊಡೆ, ಇಲ್ಲವೇ ಯಜಮಾನನ ನಾಯಿ. ತಮ್ಮಷ್ಟಕ್ಕೆ ತಾವು ನಿಂತ ಒಬ್ಬರೂ ಅವಳಿಗೆ ಸಿಕ್ಕಿರಲಿಲ್ಲ.

*

ಸಾದೋ ನದಿಯ ಭತ್ತದ ಬಯಲಿಗೆ ಅವಳು ಬಂದದ್ದು ಈ ಕಾರಣಕ್ಕೆ. ಜೊತೆಗಿದ್ದವನು ವಾಲ್ದು, ಧ್ವನಿ ಹಿಡಿಯುವವನು, ಅವಳ ಕಟ್ಟಡದಲ್ಲೇ ಬೆಳೆದವನು. ಹಿಂದೆ ಈ ಬಯಲಿನಲ್ಲಿ ಚಳಿಜ್ವರಕ್ಕೆ ಹೆದರಿ ಯಾರೂ ನಿಲ್ಲುತ್ತಿರಲಿಲ್ಲವಂತೆ. ಕಪ್ಪುಜನಕ್ಕೆ ಜ್ವರ ತಾಗುವುದಿಲ್ಲವೆಂದು ಅವರನ್ನು ತಂದು ನೀರಿಗಿಳಿಸಿದರಂತೆ. ತಾಗಿದವರು ಸತ್ತರು, ಉಳಿದವರು ಭತ್ತ ಬೆಳೆದರು.

ಗಾರ್ಸಾಸ್ ಎಂಬ ಊರಿನಲ್ಲಿ ಗ್ರಾಸಿಂದಾ ಅವರಿಬ್ಬರನ್ನು ಅಂಗಳದಲ್ಲಿ ಕೂರಿಸಿ ಬೆಳ್ಳುಳ್ಳಿ ಕೊತ್ತಂಬರಿ ಅರೆದ ಬ್ರೆಡ್ಡಿನ ಸಾರು ಬಡಿಸಿದಳು. ಎಂಬತ್ತು ದಾಟಿದ ವಿಧವೆ. ಅವಳ ನೆರೆತ ಕೂದಲು ಜಸೀರಾಳ ಕೂದಲಿನಷ್ಟೇ ಬಿಗಿಯಾಗಿ ಸುರುಳಿ ಸುತ್ತಿತ್ತು. ಮುಖದ ಬಣ್ಣ ಜಸೀರಾಳ ಅಮ್ಮನ ಮುಖದ್ದೇ. ಪಕ್ಕದಲ್ಲಿ ಅವಳ ನಾದಿನಿ ಉಂಬೆಲಿನಾ ಅವರೆ ಬಿಡಿಸುತ್ತ ಕೂತಿದ್ದಳು. ಅವಳ ಬಣ್ಣ ಸ್ವಲ್ಪ ತಿಳಿ. ಆ ಸ್ವಲ್ಪವನ್ನು ಅವಳು ಎಂದೂ ಮರೆಯುತ್ತಿರಲಿಲ್ಲ.

"ಕಪ್ಪುಜನಾನ? ಇಲ್ಲಿ ಯಾರೂ ಇಲ್ಲ ಮಗಾ," ಎಂದಳು ಗ್ರಾಸಿಂದಾ.

"ಮತ್ತೆ ಈ ಬಣ್ಣ ಎಲ್ಲಿಂದ ಬಂತು ತಿಯಾ?" ವಾಲ್ದು ಕೇಳಿದ. ಆ ಊರಲ್ಲಿ ವಯಸ್ಸಾದ ಹೆಂಗಸರೆಲ್ಲ ಎಲ್ಲರಿಗೂ ತಿಯಾ, ಅತ್ತೆ ಇದ್ದ ಹಾಗೆ.

"ಬಿಸಿಲು ಕಣಪ್ಪ. ಹಲ್ಲು ಬೀಳೋ ವಯಸ್ಸಿಂದ ಗದ್ದೇಲಿ ಕಳೆ ಕಿತ್ತಿದೀನಿ. ನಿಮ್ಮಮ್ಮ ಎಷ್ಟು ವರ್ಷ ಕಿತ್ತಳೋ, ನಿನ್ನ ನೋಡಿದ್ರೆ ಬಹಳ ಅನ್ಸತ್ತೆ."

"ನಮ್ಮಮ್ಮ ಗದ್ದೇನೇ ನೋಡಿಲ್ಲ. ಆಫೀಸು ಒರೆಸ್ತಾಳೆ. ಒಳಗೆ, ನೆರಳಲ್ಲಿ."

ಉಂಬೆಲಿನಾ ಅವರೆಕಾಯಿ ಹಿಡಿದೇ ನಕ್ಕಳು. "ಇವಳ ತೌರಿನ ಕಡೆಯವರು ಒಂಚೂರು ಕಪ್ಪೇ. ಹೇಳ್ಕೊಳಲ್ಲ. ನಮ್ಮ ಮನೇಲಿ ಅದೆಲ್ಲ ಇಲ್ಲ."

"ನಿಮ್ಮಣ್ಣ ನನ್ನ ಕಟ್ಕೊಂಡಾಗ ಕತ್ತಲಿತ್ತೇನೆ?"

"ಅವನಿಗೆ ಕಣ್ಣು ಮಂಜಿತ್ತು."

ಜಸೀರಾ ಕ್ಯಾಮೆರಾ ಹಿಂದೆ ಕೂತು ನಗಲಿಲ್ಲ. ಇದೇ ಮಾತನ್ನು ಅವಳು ಆ ಬಯಲಿನ ಪ್ರತಿ ಮನೆಯಲ್ಲೂ ಕೇಳಿದ್ದಳು. ಬಿಸಿಲು, ನೀರು, ಗಾಳಿ. ಪಟ್ಟಣದ ಸಂತೆಗೆ ಹೋದಾಗ ಇವರನ್ನು 'ಸಾದೋದ ಕರಿಯರು' ಎಂದು ಹುಡುಗರು ಕೂಗುತ್ತಿದ್ದ ಕಾಲವಿತ್ತು. ಅದನ್ನು ಕೇಳಿ ಬೆಳೆದವರು ಕ್ಯಾಮೆರಾ ಮುಂದೆ ಬಿಸಿಲನ್ನಲ್ಲದೆ ಬೇರೆ ಯಾರನ್ನು ತೋರಿಸಿಯಾರು?

"ಅದಿರ್ಲಿ, ನೀನು ಯಾರ ಮನೆಯವಳು ಮಗಾ?" ಗ್ರಾಸಿಂದಾ ಕೇಳಿದಳು. ಆ ಸೀಮೆಯಲ್ಲಿ ಎಲ್ಲಿಯವಳು ಎಂದು ಕೇಳುವುದಿಲ್ಲ, ಯಾರವಳು ಎಂದು ಕೇಳುತ್ತಾರೆ. ಜಸೀರಾ ಅಪ್ಪನ ಹೆಸರು ಹೇಳಿದಳು. ಗ್ರಾಸಿಂದಾ ತಲೆಯೊಳಗೆ ಊರಿನ ಮನೆಗಳನ್ನೆಲ್ಲ ಸುತ್ತಿ ಬಂದಳು. "ಗೊತ್ತಾಗ್ಲಿಲ್ಲ," ಎಂದು ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದಳು.

*

ಇಗರ್ಜಿಯ ಬೀಗದ ಕೈ ಗ್ರಾಸಿಂದಾಳ ಏಪ್ರನ್ನಿನ ಜೇಬಿನಲ್ಲಿತ್ತು. ಜಪಸರ ಮಾತೆಯ ಪುಟ್ಟ ಇಗರ್ಜಿ, ಗದ್ದೆಯ ಅಂಚಿನಲ್ಲಿ, ದೊಡ್ಡ ಕಣಜದಷ್ಟು. ಹಿಂದೆ ಗುಲಾಮರು ಕೂಡಿ ಪೂಜೆ ನಡೆಸುತ್ತಿದ್ದ ಸಹೋದರ ಸಂಘಗಳು ಇದ್ದದ್ದು ಈ ಮಾತೆಯ ಹೆಸರಲ್ಲೇ ಎಂದು ಜಸೀರಾಳಿಗೆ ಗೊತ್ತಿತ್ತು. ಅದನ್ನು ಹೇಳುವ ಒಂದು ಕಲ್ಲಾದರೂ ಸಿಕ್ಕೀತೇ ಎಂದು ನೋಡಲು ಬಂದಿದ್ದಳು.

ಪಾದ್ರಿ ಹಬ್ಬಕ್ಕೆ ಮಾತ್ರ ಬರುತ್ತಾನೆ. ಉಳಿದಂತೆ ಇಗರ್ಜಿ ಹೆಂಗಸರದು. ಹಬ್ಬದ ಹಿಂದಿನ ಶನಿವಾರ ಅವರು ಸುಣ್ಣ ಹೊಡೆಯುತ್ತಾರೆ. ಗಂಡಸರು ಬ್ರಷ್ಷು ಮುಟ್ಟುವಂತಿಲ್ಲ. ಸುಣ್ಣ ಕಾಣದ ಗೋಡೆಯನ್ನು ಹೊರಗಿನವರಿಗೆ ತೋರಿಸಿದ ಹೆಂಗಸಿನ ಹೆಸರು ಆ ಊರಲ್ಲಿ ಮತ್ತೆ ಏಳುವುದಿಲ್ಲ. ಅವಳ ಮಗಳ ಮದುವೆಯ ಮಾತಿನಲ್ಲೂ ಆ ಗೋಡೆ ಬರುತ್ತದೆ.

ಒಳಗಿನ ಗೋಡೆಗಳಿಗೆ ಮೂಲೆಗಳೇ ಇರಲಿಲ್ಲ. ಸುಣ್ಣದ ಮೇಲೆ ಸುಣ್ಣ ಕೂತು ಎಲ್ಲ ದುಂಡಗಾಗಿತ್ತು. ಕಿಟಕಿಯ ಚೌಕಟ್ಟು ಅರ್ಧ ಗೋಡೆಯೊಳಗೆ ಮುಳುಗಿತ್ತು.

"ಈ ಮೇಲಿನದು ನಂದು," ಗ್ರಾಸಿಂದಾ ಗೋಡೆ ಸವರಿದಳು. "ಅದರ ಕೆಳಗೆ ನಮ್ಮಮ್ಮ. ಅದರ ಕೆಳಗೆ ಅವಳಮ್ಮ. ಅದರ ಕೆಳಗೆ ಯಾರಿದಾರೋ."

ಹೇಳುತ್ತಲೇ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಹೋದಳು. ಸುಣ್ಣ ಹೊಡೆಯುವ ಮುಂಚೆ ಹೀಗೆ ತಟ್ಟಿ, ಸಡಿಲವಾದದ್ದನ್ನು ಉದುರಿಸುವುದು ರೂಢಿ. ಹಬ್ಬ ಹತ್ತಿರ ಬಂದಿತ್ತು. ಅವಳ ಕೈ ಸುಮ್ಮನಿರಲಾರದು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ವಾಲ್ದು ಕೈ ಎತ್ತಿದ. "ತಿಯಾ, ಅಲ್ಲೇ ಇನ್ನೊಂದ್ಸಲ. ಒಳಗೆ ಏನೋ ಇದೆ."

"ಗಾಳಿ ಇದೆ. ಗದ್ದೆ ನೀರು ಗೋಡೆ ಹತ್ತಿ ಸುಣ್ಣ ಬಿಟ್ಕೊಂಡಿದೆ. ಟೊಳ್ಳು." ಅವಳು ಅಂಗೈ ಇಟ್ಟು ಸ್ವಲ್ಪ ಒತ್ತಿದಳು.

ಕಿಟಕಿಯ ಬಾಗಿಲಿನಷ್ಟು ಅಗಲದ ಒಂದು ಹಾಳೆ ಸುಣ್ಣ ಗೋಡೆಯಿಂದ ಜಾರಿ, ನೆಲಕ್ಕೆ ಬಿದ್ದು ಪುಡಿಯಾಯಿತು. ಎಲ್ಲರೂ ಕೆಮ್ಮಿದರು. ಧೂಳು ಕೂತ ಮೇಲೆ ನೋಡಿದರೆ ಗೋಡೆಯಲ್ಲಿ ಒಬ್ಬ ಮನುಷ್ಯನಿದ್ದ.

ಕಪ್ಪು ಮನುಷ್ಯ. ಹೊಗೆ ಹಿಡಿದೋ ನೆರಳು ಬಿದ್ದೋ ಆದ ಕಪ್ಪಲ್ಲ. ಯಾರೋ ಬಣ್ಣ ಕಲಸಿ, ನೋಡಿ, ಮತ್ತೆ ಕಲಸಿ ಬಳಿದ ಕಪ್ಪು. ಕೆನ್ನೆಯ ಮೇಲೆ ಕೆಂಪಿನ ಒಂದು ಎಳೆಯಿತ್ತು. ರೆಪ್ಪೆಗಳು ಭಾರವಾಗಿದ್ದವು. ಬಾಯಿ ಸ್ವಲ್ಪ ತೆರೆದಿತ್ತು, ಹಾಡಿನ ನಡುವೆ ಉಸಿರು ತೆಗೆದುಕೊಳ್ಳುವವನ ಹಾಗೆ. ಮೈಮೇಲೆ ಸಂಘದ ಬಿಳಿ ನಿಲುವಂಗಿ, ಕೈಯಲ್ಲಿ ಉರಿಯುವ ಮೇಣದ ಬತ್ತಿ. ಅವನು ಯಾರ ಹಿಂದೆಯೂ ನಿಂತಿರಲಿಲ್ಲ. ಅವನ ಕೈಯಲ್ಲಿದ್ದದ್ದು ಇನ್ನೊಬ್ಬರ ತಟ್ಟೆಯಲ್ಲ. ಬಾಗಿಲಿನಿಂದ ಬರುವವರನ್ನು ಮನೆಯ ಹಿರಿಯನಂತೆ ನೇರ ನೋಡುತ್ತಿದ್ದ.

ಹೊರಗೆ ಗಂಟೆಗೂಡಿನ ಮೇಲೆ ಕೊಕ್ಕರೆಯೊಂದು ಕೊಕ್ಕು ಕಟಕಟಿಸುತ್ತಿತ್ತು. ಐನೂರು ವರ್ಷದ ಲೆಕ್ಕ, ಪ್ರೊಫೆಸರುಗಳ ಮಾತು, ಯಾವುದೂ ಆ ಹೊತ್ತಿಗೆ ಜಸೀರಾಳ ತಲೆಗೆ ಬರಲಿಲ್ಲ. ಅವನು ನೋಡುತ್ತಿದ್ದಾನೆ ಎಂಬುದಷ್ಟೇ ಇತ್ತು. ಇಷ್ಟು ದಿನ ತಾನು ಅವನನ್ನು ಹುಡುಕುತ್ತಿದ್ದೇನೆ ಅಂದುಕೊಂಡಿದ್ದಳು. ಅವನೋ ಇಲ್ಲೇ ಇದ್ದ, ಕಣ್ಣು ಮುಚ್ಚದೆ, ಸುಣ್ಣದ ಕತ್ತಲಲ್ಲಿ.

"ಜಸೀ," ವಾಲ್ದು ಪಿಸುಗುಟ್ಟಿದ. "ಕ್ಯಾಮೆರಾ."

"ಹ್ಞೂಂ."

"ಆನ್ ಮಾಡೇ."

ಗ್ರಾಸಿಂದಾ ಗೋಡೆಯ ಹತ್ತಿರ ಹೋಗಿ, ಕತ್ತೆತ್ತಿ ಬಹಳ ಹೊತ್ತು ನೋಡಿದಳು. "ಫಿರ್ಮಿನೋ," ಎಂದಳು. ಅದು ತೀರಿಹೋದ ಅವಳ ತಮ್ಮನ ಹೆಸರು.

ಉಂಬೆಲಿನಾ ಎದೆಗೆ ಶಿಲುಬೆ ಗುರುತು ಹಾಕಿಕೊಂಡವಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಫಿರ್ಮಿನೋ ಜನ್ಮದಲ್ಲಿ ಮೇಣದ ಬತ್ತಿ ಹಿಡಿದೋನಲ್ಲ. ಪೂಜೆ ಮುಗಿಯೋವರೆಗೂ ಹೊರಗೆ ಸಿಗರೇಟು ಸೇದ್ತಾ ಇರ್ತಿದ್ದ."

"ಮುಖ ಅವನದೇ ಕಣೆ. ಮೂಗು ನೋಡು."

"ಮೂಗು ಅವನದೇ," ಉಂಬೆಲಿನಾ ಒಪ್ಪಿದಳು.

ಆ ಮುಖದ ಪಕ್ಕದಲ್ಲಿ ಇನ್ನೊಬ್ಬರ ಹೆಗಲಿನ ತುದಿ ಸುಣ್ಣದೊಳಗೆ ಮರೆಯಾಗಿತ್ತು. ಅಂದರೆ ಸಾಲಿದೆ. ಜಸೀರಾ ಆ ಒಂದು ಮುಖವನ್ನು ಕಿಟಕಿಯ ಬೆಳಕು ಇರುವಷ್ಟು ಹೊತ್ತು ಕ್ಯಾಮೆರಾದಲ್ಲಿ ಹಿಡಿದಳು. ಸುಣ್ಣ ಕೆರೆದು ಬೇರೆ ಯಾರನ್ನೂ ಹೊರತೆಗೆಯಲು ಹೋಗಲಿಲ್ಲ. ಹಳೆಯ ಚಿತ್ರಗಳನ್ನು ಉಳಿಸುವ ಕೆಲಸದ ಮಫಾಲ್ಡಾ ಎಂಬಾಕೆ ಲಿಸ್ಬನ್ನಿನಲ್ಲಿ ಅವಳಿಗೆ ಪರಿಚಯವಿದ್ದಳು. ಫೋನು ಹಚ್ಚಿದಾಗ ಮಫಾಲ್ಡಾ ಹೇಳಿದ್ದು, ಮುಟ್ಟಬೇಡಿ, ಸೋಮವಾರ ಬರುತ್ತೇನೆ. ಜಸೀರಾ ಕಳಿಸಿದ ಫೋಟೋ ನೋಡಿ ಟಿವಿಯ ಅಧಿಕಾರಿ ಫೋನು ಮಾಡಿದ. "ದೀಪಗಳನ್ನ ಕಳಿಸ್ತೀನಿ. ನಾಳೆ ಬಂದು ಮಾತಾಡಿ. ಸೋಮವಾರ ಇಡೀ ಗೋಡೆಯ ಸುಣ್ಣ ತೆಗೆಯಿರಿ," ಎಂದ.

ಹೊರಡುವಾಗ ಜಸೀರಾ ಗ್ರಾಸಿಂದಾಳ ಎರಡೂ ಕೈ ಹಿಡಿದು ಹೇಳಿದಳು. "ತಿಯಾ, ಸೋಮವಾರ ಲಿಸ್ಬನ್ನಿಂದ ಜನ ಬರ್ತಾರೆ, ಟಿವಿಯವರು. ಅಲ್ಲೀವರೆಗೆ ಸುಣ್ಣ ಬೇಡ. ಈ ಮುಖ ಯಾರೂ ಮುಟ್ಟಬಾರದು."

"ನಮ್ಮ ಫಿರ್ಮಿನೋ ಮುಖಕ್ಕೆ ನಾನು ಸುಣ್ಣ ಹೊಡೀತೀನಾ? ಹೋಗಿ ಬಾ ಮಗಾ."

*

ಸೋಮವಾರ ಬೆಳಿಗ್ಗೆ ಜಸೀರಾಳ ಕಾರು ಗಾರ್ಸಾಸಿಗೆ ಬಂದಾಗ ಊರಿನ ಹೆಂಗಸರೆಲ್ಲ ಇಗರ್ಜಿಯ ಮುಂದೆ ಹಬ್ಬದ ಬಟ್ಟೆಯಲ್ಲಿ ನಿಂತಿದ್ದರು. ಮೆಟ್ಟಿಲು ಹೊಳೆಯುತ್ತಿತ್ತು. ಬಾಗಿಲ ಎರಡೂ ಕಡೆ ಹೂವಿನ ಕುಂಡಗಳಿದ್ದವು. ಕಾರಿನ ಬಾಗಿಲು ತೆರೆಯುತ್ತಲೇ ಬಟ್ಟೆ ಸೋಪಿನ ವಾಸನೆ ಬಂತು. ಮಫಾಲ್ಡಾ ಆ ವಾಸನೆ ಹಿಡಿದು ನಿಂತಳು, ಆಮೇಲೆ ಯಾರಿಗೂ ನಮಸ್ಕಾರ ಹೇಳದೆ ಒಳಗೆ ಓಡಿದಳು.

ಫಿರ್ಮಿನೋನ ಮುಖ ಇದ್ದಲ್ಲೇ ಇತ್ತು. ಅವನ ಪಕ್ಕದಲ್ಲಿ ಉದ್ದಕ್ಕೂ ಗೋಡೆಯ ಸುಣ್ಣವೆಲ್ಲ ಹೋಗಿತ್ತು. ಬಿಳಿ ನಿಲುವಂಗಿಗಳ ಸಾಲು, ಅವುಗಳ ಕೆಳಗೆ ನೀರಲ್ಲಿ ನಿಂತ ಬರಿಗಾಲುಗಳು, ಭತ್ತದ ಪೈರಿನ ಹಸಿರು ಗೀಟುಗಳು. ಅಲ್ಲಲ್ಲಿ ಒಂದು ಕೈಯಿನ ತುದಿ. ನಿಲುವಂಗಿಯ ಕೊರಳುಪಟ್ಟಿಯ ಮೇಲೆ ಮುಖವಿರಬೇಕಾದ ಕಡೆಯೆಲ್ಲ ಬೂದು ಬಣ್ಣದ ಕಲೆ, ಮಗು ಮಲಗಿ ಎದ್ದ ಒದ್ದೆ ಹಾಸಿಗೆಯ ಹಾಗೆ.

"ಒಣಗಿದಾಗ ಮರೆಯಾಗ್ತಾರೆ," ಗ್ರಾಸಿಂದಾ ಹಿಂದಿನಿಂದ ಬಂದು ವಿವರಿಸಿದಳು. "ನೀರು ಹಾಕಿದ್ರೆ ಕಾಣ್ತಾರೆ. ತಡಿ, ತೋರಿಸ್ತೀನಿ." ಬಕೆಟ್ಟಿನಿಂದ ಚೊಂಬು ಎತ್ತಿದಳು.

ಮಫಾಲ್ಡಾ ಅವಳ ಮಣಿಕಟ್ಟು ಹಿಡಿದುಕೊಂಡಳು. ನೀರು ಇಬ್ಬರ ಕಾಲ ಮೇಲೂ ಚೆಲ್ಲಿತು.

"ಬೇಡ ತಾಯೀ. ಇದು ಅಂಟಿನಲ್ಲಿ ಕಲಸಿ ಬಳಿದ ಬಣ್ಣ. ನೀರು ತಾಗಿದ್ರೆ ಕರಗತ್ತೆ."

ನಡೆದದ್ದು ಇಷ್ಟು. ಶನಿವಾರ ಹೆಂಗಸರು ಸೇರಿದರು. ಸುಣ್ಣ ಬೇಡವೆಂದಿದ್ದಾಳೆ, ಸರಿ. ಆದರೆ ಲಿಸ್ಬನ್ನಿನವರು ಬರುವಾಗ ಗೋಡೆ ಅರ್ಧ ಕಿತ್ತು ನಿಂತಿದ್ದರೆ ಊರಿನ ಮಾನ ಎಲ್ಲಿ ಉಳಿಯಿತು? ಉಂಬೆಲಿನಾ ರೊಟ್ಟಿಯ ಚಾಕುವಿನ ಮೊಂಡು ಕಡೆ ಇಟ್ಟು ಸುಣ್ಣವನ್ನು ಮೀಟಿದಳು. ಟೊಳ್ಳಾಗಿದ್ದದ್ದರಿಂದ ಹಾಳೆ ಹಾಳೆಯಾಗಿ ಬಂತು. ಒಬ್ಬೊಬ್ಬರೇ ಹೊರಬಂದರು. ಹೆಂಗಸರು ಮೊದಲು ಮೊಣಕಾಲೂರಿದರು. ಗೋಡೆಯವರ ಮುಖದ ಮೇಲೆಲ್ಲ ಸುಣ್ಣದ ಪುಡಿ ಕೂತಿತ್ತು. ಹಬ್ಬದ ಪೂಜೆಗೆ ಮಕ್ಕಳನ್ನು ಹಾಗೆ ಕಳಿಸುತ್ತಾರೆಯೇ? ನೀರು ಕಾಯಿಸಿ, ಸೋಪು ಕದಡಿ, ಮೃದುವಾದ ಬ್ರಷ್ಷು ಹುಡುಕಿ ತಂದು, ಒಬ್ಬೊಬ್ಬರ ಮುಖ ತೊಳೆದರು. ನೀರು ಬಿದ್ದೊಡನೆ ಮುಖಗಳು ನಿನ್ನೆ ಬಳಿದ ಹಾಗೆ ಹೊಳೆದವು. ಒಣಗುತ್ತ ಮಂಕಾದವು. ಮತ್ತೆ ತೊಳೆದರು. ಫಿರ್ಮಿನೋನನ್ನು ಮಾತ್ರ ಮುಟ್ಟಲಿಲ್ಲ, ಜಸೀರಾ ಈ ಮುಖ ಮುಟ್ಟಬಾರದು ಎಂದು ಹೇಳಿ ಹೋಗಿದ್ದಳು.

"ನಾನು ಹೇಳ್ದೆ," ಉಂಬೆಲಿನಾ ಮೆಲ್ಲಗೆ ಅಂದಳು. "ಬಕೆಟ್ ನೀರು ಕಪ್ಪಾಗ್ತಾ ಇದೆ ಅಂತ. ಇವಳು ಧೂಳು ಅಂದ್ಲು."

"ಆ ನೀರೇನು ಮಾಡಿದ್ರಿ?" ಮಫಾಲ್ಡಾ ಕೇಳಿದಳು.

"ಗದ್ದೆಗೆ ಚೆಲ್ಲಿದ್ವಿ. ಇನ್ನೆಲ್ಲಿ ಚೆಲ್ತಾರೆ?"

ಜಸೀರಾ ಗ್ರಾಸಿಂದಾಳ ಕಡೆ ತಿರುಗಿದಳು. "ತೊಳೀರಿ ಅಂತ ಯಾರು ಹೇಳಿದ್ರು ನಿಮಗೆ?"

"ಅದನ್ನ ಹೇಳಬೇಕಾ?" ಗ್ರಾಸಿಂದಾ ನಿಜವಾಗಿಯೂ ಆಶ್ಚರ್ಯಪಟ್ಟಳು. "ಜನ ಬರ್ತಾರೆ ಅಂದ್ಯಲ್ಲ."

ಜಸೀರಾ ಹೊರಗೆ ಬಂದು, ಕಾಲುವೆಯ ಕಟ್ಟೆಯ ಮೇಲೆ ಕೂತಳು. ಕೂಗಾಡಬೇಕೆಂದಿದ್ದಳು. ಬದಲಿಗೆ ಅಮ್ಮ ನೆನಪಾದಳು. ಶಾಲೆಯ ಟೀಚರು ಒಮ್ಮೆ ಮನೆಗೆ ಬರುತ್ತೇನೆಂದಾಗ ಅಮ್ಮ ಹಿಂದಿನ ದಿನವೆಲ್ಲ ಕೂತು ಗೋಡೆ ಉಜ್ಜಿದ್ದಳು. ಬಾಗಿಲ ಪಕ್ಕ ಅಪ್ಪ ವರ್ಷವರ್ಷವೂ ಪೆನ್ಸಿಲಿನಲ್ಲಿ ಹಾಕಿದ್ದ ಜಸೀರಾಳ ಎತ್ತರದ ಗೀಟುಗಳೂ ಆ ಉಜ್ಜಿನಲ್ಲಿ ಹೋದವು. ಟೀಚರು ಬಂದು, ಕಾಫಿ ಕುಡಿದು ಹೋದಳು. ಗೋಡೆಯ ಕಡೆ ನೋಡಲೂ ಇಲ್ಲ.

ವಾಲ್ದು ಬಂದು ಪಕ್ಕದಲ್ಲಿ ಕೂತ.

"ಟಿವಿಯವನಿಗೆ ಏನ್ ಹೇಳ್ತೀಯ?"

"ಬುಟ್ಟಿ ಹೊತ್ತ ಹುಡುಗೀರನ್ನ ಹುಡ್ಕೊ ಅಂತ."

"ಒಳಗೆ ಬಾ. ಆ ಮುದುಕಿ ಗೋಡೆ ಮುಂದೆ ನಿಂತು ಏನೋ ಹೇಳ್ತಾ ಇದಾಳೆ. ನಾನು ಮೈಕು ಹಾಕಿ ಬಂದಿದೀನಿ."

*

ಹೇಳುತ್ತಿದ್ದವಳು ಉಂಬೆಲಿನಾ. ಮಫಾಲ್ಡಾಳಿಗೆ ಒಂದೊಂದು ಕಲೆಯನ್ನೂ ತೋರಿಸುತ್ತ ಸಾಲಿನ ನಡುವೆ ನಿಂತಿದ್ದಳು.

"ಇವನ ಕೈಲಿ ಡೋಲು ಇತ್ತು. ಇವನ ಕಿವಿ ಎರಡೂ ಹೀಗೆ ಮುಂದಕ್ಕಿದ್ವು, ನಮ್ಮಪ್ಪಂದು ಇದ್ದ ಹಾಗೆ. ನಂದೂ ನೋಡು." ತಲೆಬಟ್ಟೆ ಹಿಂದಕ್ಕೆ ಸರಿಸಿ ಕಿವಿ ತೋರಿಸಿದಳು. ಆ ಕಿವಿಯನ್ನು ಅವಳು ಜೀವಮಾನವೆಲ್ಲ ಬಟ್ಟೆಯೊಳಗೆ ಮುಚ್ಚಿಟ್ಟಿದ್ದಳು.

"ನಿಮ್ಮ ಮನೇಲಿ ಅದೆಲ್ಲ ಇಲ್ಲ ಅಂದಿದ್ರಿ," ಜಸೀರಾ ಕೇಳಿದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಅಂದಿದ್ದೆ. ಆವಾಗ ನೋಡಿರ್ಲಿಲ್ಲ." ಉಂಬೆಲಿನಾ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಬಣ್ಣ ಅಂತೂ ಮಗಾ, ನಿನ್ನದಕ್ಕಿಂತ ಗಟ್ಟಿ. ನಾನು ಬ್ರಷ್ಷು ಹಿಡಿದೋಳು ಹಾಗೇ ನಿಂತೆ. ನಮ್ಮಪ್ಪ ಗೋಡೆಯೊಳಗಿಂದ ನನ್ನ ನೋಡ್ತಾ ಇದಾನೆ. ಸಿಟ್ಟಿಲ್ಲ, ಏನಿಲ್ಲ. ಸುಮ್ನೆ ನೋಡ್ತಾ ಇದಾನೆ."

ಜಸೀರಾ ಕ್ಯಾಮೆರಾವನ್ನು ಗೋಡೆಗೆ ಎದುರಾಗಿ ಹೂಡಿದಳು. ಉಂಬೆಲಿನಾಳನ್ನು ಡೋಲಿನವನ ಕಲೆಯ ಮುಂದೆ ನಿಲ್ಲಲು ಹೇಳಿದಳು. ಉಂಬೆಲಿನಾ ಗೋಡೆಗೆ ಮೈ ತಾಗಿಸದೆ ಬೆನ್ನು ಮಾಡಿ ನಿಂತಾಗ ಕೊರಳು ಕೊರಳುಪಟ್ಟಿಗೆ ಸರಿಯಾಗಿ ಬಂತು. ಮುಖವಿಲ್ಲದಲ್ಲಿ ಅವಳ ಮುಖ ಕೂತಿತು. ವಾಲ್ದು ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡ.

ಯಾರೂ ಕರೆಯದೆಯೇ ಉಳಿದ ಹೆಂಗಸರು ಬಂದರು. ಈ ಹುಬ್ಬು ನಮ್ಮ ದೊಡ್ಡಮ್ಮನದು ಎಂದಳು ಒಬ್ಬಳು. ಇವನ ಹಲ್ಲಿನ ನಡುವೆ ಸಂದಿತ್ತು ಎಂದು ಇನ್ನೊಬ್ಬಳು ಬಾಯಿ ತೆರೆದು ತನ್ನ ಸಂದಿ ತೋರಿಸಿದಳು. ಜಗಳವೂ ಆಯಿತು. ಮುಪ್ಪಾದ ಒಬ್ಬನಿಗೆ ಎರಡು ಮನೆಯವರು ಹಕ್ಕು ಹೂಡಿದರು.

"ಅವನು ನಮ್ಮೋನು. ಹಣೆ ನೋಡಲಿಲ್ವಾ?"

"ನಿಮ್ಮೋರಿಗೆ ಹಣೆ ಎಲ್ಲಿದೆ, ಹುಬ್ಬಿಂದಾನೇ ಕೂದಲು ಶುರು."

ಸಂತೆಯಲ್ಲಿ ಕರಿಯರೆಂದು ಕೂಗಿಸಿಕೊಂಡು ತಲೆ ತಗ್ಗಿಸಿದ್ದವರು ಈಗ ಕರಿಯನೊಬ್ಬನಿಗಾಗಿ ಟೊಂಕ ಕಟ್ಟಿ ನಿಂತಿದ್ದರು. ಜಸೀರಾ ಯಾರನ್ನೂ ತಡೆಯದೆ ಎಲ್ಲವನ್ನೂ ಚಿತ್ರಿಸಿಕೊಂಡಳು. ಟಿವಿಯವನು ಕೇಳಿದ ಮುಖಗಳು ಇವೇ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಆ ಮುಖಗಳು ಹೋಗದಿದ್ದರೆ ಈ ಮುಖಗಳು ಗೋಡೆಯ ಮುಂದೆ ಬಂದು ನಿಲ್ಲುತ್ತಿರಲಿಲ್ಲ ಎಂದೂ ಗೊತ್ತಾಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಸಾಲಿನ ಕೊನೆಯಲ್ಲಿ ಒಂದು ಕಲೆಯ ಮುಂದೆ ಯಾರೂ ನಿಲ್ಲಲಿಲ್ಲ. ಅಲ್ಲಿ ನಿಲುವಂಗಿಯಿರಲಿಲ್ಲ, ಹೆಂಗಸಿನ ಲಂಗದ ಅಂಚಿತ್ತು.

"ಇವಳು ಯಾರವಳು?" ಜಸೀರಾ ಕೇಳಿದಳು.

"ಅವಳೊಬ್ಬಳೇ ಹೆಂಗಸು. ಬೆನ್ನಿಗೆ ಮಗು ಕಟ್ಕೊಂಡಿದ್ಲು," ಗ್ರಾಸಿಂದಾ ಹೇಳಿದಳು. ಜಸೀರಾ ರೇಗಿ ಹೊರಗೆ ಹೋದ ಮೇಲೆ ಅವಳು ಬಾಯಿ ಬಿಟ್ಟದ್ದು ಈಗಲೇ. "ನಮ್ಮ ಮನೆಗಳಲ್ಲಿ ಯಾರಿಗೂ ಹೋಲಲಿಲ್ಲ. ಉಂಬೆಲಿನಾ, ಆವಾಗ ನಾನೇನಂದೆ ಹೇಳು?"

"ಆ ಟಿವಿ ಹುಡುಗಿ ಇದ್ದಂಗಿದಾಳೆ ಅಂದೆ."

"ಹಾಗೇ ಇದ್ಲು. ಬಾಯಿ ಬಿಗಿಹಿಡಿದು, ಯಾರ ಮೇಲೋ ರೇಗ್ತಾ ಇರೋ ಹಾಗೆ. ನಿನಗೆ ಖುಷಿಯಾಗ್ಲಿ ಅಂತ ಅವಳನ್ನ ಎಲ್ಲರಿಗಿಂತ ಚೆನ್ನಾಗಿ ತೊಳೆದೆ."

ವಾಲ್ದು ತಮ್ಮಿಬ್ಬರ ಮನೆಮಾತಾದ ಕ್ರಿಯೋಲಿನಲ್ಲಿ ಗೊಣಗಿದ. "ಮರ್ಯಾದೆಗೆ ಹೇಳ್ತಾ ಇದಾಳೆ, ಜಸೀ. ತಲೆಗೆ ಹಚ್ಕೋಬೇಡ."

ಇರಬಹುದು. ತಿಳಿಯುವ ದಾರಿಯೇ ಇರಲಿಲ್ಲ. ಬೇರೆ ಕಲೆಗಳಲ್ಲಿ ಕಣ್ಣಿನ ನೆರಳೋ ಗಲ್ಲದ ಗೆರೆಯೋ ಇತ್ತು. ಇಲ್ಲಿ ಗೋಡೆಯ ಗಾರೆ ಮಾತ್ರ, ಸ್ವಚ್ಛವಾಗಿ.

"ನಿಂತ್ಕೊ," ಗ್ರಾಸಿಂದಾ ಹೇಳಿದಳು. "ಅದು ಖಾಲಿ ಬಿಡಬಾರದು."

ಜಸೀರಾ ಕ್ಯಾಮೆರಾವನ್ನು ವಾಲ್ದುವಿಗೆ ಕೊಟ್ಟು ಹೋಗಿ ನಿಂತಳು. ಬೆನ್ನಿಗೆ ಗೋಡೆಯ ತೇವ ತಾಗಿತು. ಅವಳ ತಲೆ ಕಲೆಯನ್ನು ದಾಟಿ ಮೇಲೆ ಹೋಗಿತ್ತು.

"ಉದ್ದ ಆದೆ. ಬಗ್ಗು."

ಅವಳು ಮೊಣಕಾಲು ಮಡಿಸಿದಳು.

"ಇನ್ನೂ ಸ್ವಲ್ಪ. ಹಾಂ. ಈಗ ಸರಿ ಹೋಯ್ತು," ಎಂದಳು ಗ್ರಾಸಿಂದಾ.

ಕಾಲು ಸೋತು ನಡುಗುವವರೆಗೂ ಜಸೀರಾ ಹಾಗೇ ನಿಂತಿದ್ದಳು. ಬಾಗಿಲಿನಾಚೆ ಭತ್ತದ ಬಯಲು ನೀರು ತುಂಬಿ ಹಸಿರಾಗಿತ್ತು. ಗೋಡೆಯವರು ಇಷ್ಟು ಕಾಲವೂ ನೋಡಿದ್ದು ಇದನ್ನೇ.

ಮಫಾಲ್ಡಾ ಸಂಜೆಯವರೆಗೆ ಕೂತು ಗೋಡೆಯನ್ನು ಪರೀಕ್ಷಿಸಿದಳು. ಗೋಡೆಯ ಮೇಲೆ ಇದ್ದವರು ಮಗುವೂ ಸೇರಿ ಹನ್ನೆರಡು ಜನ. ಒಂದು ಮುಖ ಉಳಿದಿತ್ತು. ಹೋದದ್ದು ಹನ್ನೊಂದು ಮುಖ, ಮೂರು ಮೇಣದ ಬತ್ತಿ, ಒಂದು ಡೋಲು.